ಅಡಿಗೆ ಅರ್ಧ ಇಂಚು

ತುಂಬಿ ಹರಿಯುವ ಹಳ್ಳದ ಸೇತುವೆಯ ನಟ್ಟನಡುವೆ ಲಾರಿಯನ್ನು ಗರ್ರನೆ ತಿರುಗಿಸಿ ವಾಪಸು ತಂದ ಗಂಡಸು ಏಳು ಲೋಕದಲ್ಲಿ ಒಬ್ಬನೇ, ಅವನು ತಾನೇ ಎಂದು ಮೌನೇಶಾಚಾರಿ ಹೇಳುತ್ತಿದ್ದ. ಅಲ್ಲ ಎನ್ನಲು ಯಾರಿದ್ದರು? ಆ ಲಾರಿ ಗುಜರಿಗೆ ಹೋಗಿ ಮೂವತ್ತು ವರ್ಷ. ಜೊತೆಗಿದ್ದ ಕ್ಲೀನರ್ ದುರುಗಪ್ಪ ಮಣ್ಣು ಸೇರಿ ಹದಿನೈದು ವರ್ಷ. ಇನ್ನು ಆ ಸೇತುವೆ, ಅದು ಲಾರಿ ವಾಪಸು ಬಂದ ಮಳೆಗಾಲದಲ್ಲೇ ಕೊಚ್ಚಿಹೋಯಿತು. ಉಳಿದ ಸಾಕ್ಷಿ ಹಳ್ಳವೊಂದೇ, ಅದು ಪಂಚಾಯ್ತಿ ಕಟ್ಟೆಗೆ ಬಂದು ಹೇಳಿಕೆ ಕೊಡುವುದಿಲ್ಲ.

ಮಕ್ಕಳೇ, ಈ ಮೌನೇಶಾಚಾರಿ ಲಾರಿಗಳಿಗೆ ಮರದ ಬಾಡಿ ಕಟ್ಟುವ ಬಡಗಿ. ಹೆದ್ದಾರಿ ಪಕ್ಕದ ಅವನ ಊರಿನಲ್ಲಿ ಬಾಡಿ ಕಟ್ಟುವ ಶೆಡ್ಡುಗಳೇ ಸಾಲಾಗಿ ಅರ್ಧ ಮೈಲಿ. ಹೆಸರು ಮೌನೇಶ, ಆದರೆ ಎದ್ದಾಗಿನಿಂದ ಮಲಗುವತನಕ ಬಾಯಿಗೆ ಚಿಲಕವಿಲ್ಲ. ಅವನ ಬಾಯಲ್ಲಿ ಹಾವು ಹೆಬ್ಬಾವಾಗುತ್ತಿತ್ತು, ಹುಣಸೆಮರದಷ್ಟು ಎತ್ತರದ ಮೂಟೆ ಒಂದೇ ಕೈಯಲ್ಲಿ ಮೇಲೇಳುತ್ತಿತ್ತು. ಆದರೆ ಕೈಗೆ ಉಳಿ ಬಂತೆಂದರೆ ಬಾಯಿ ತಾನಾಗಿ ಮುಚ್ಚುತ್ತಿತ್ತು. ಆ ಕೈ ಎಳೆದ ಗೆರೆ ಕೂದಲೆಳೆಯಷ್ಟೂ ಆಚೀಚೆ ಹೋದದ್ದಿಲ್ಲ. ತನ್ನ ಹೆಸರು ಓದಲು ಬಾರದಿದ್ದರೂ ಟೇಪಿನ ಗೆರೆಗಳನ್ನು ನಿದ್ದೆಗಣ್ಣಲ್ಲಿ ಓದುತ್ತಿದ್ದ. ಶೆಡ್ಡಿನ ಸಾಲಿನಲ್ಲಿ ಇಬ್ಬರು ಬಡಗಿಗಳು ಅಳತೆಗಾಗಿ ಜಗಳವಾಡಿದರೆ, ಮೂರನೆಯವನು ಆಚಾರಿ ಅಳತೆ ಏನನ್ನುತ್ತೆ ನೋಡ್ರಪ್ಪ ಎನ್ನುತ್ತಿದ್ದ. ಅಲ್ಲಿಗೆ ಜಗಳ ಮುಗಿಯಿತು.

ವಯಸ್ಸಾಗಿ ಹಲಗೆ ಎತ್ತಲು ಆಗದಾದಾಗ ಮೌನೇಶಾಚಾರಿ ಪುಟಾಣಿ ಲಾರಿಗಳನ್ನು ಕಟ್ಟಲು ಕೂತ. ಅಡಿಗೆ ಅರ್ಧ ಇಂಚು, ಅದು ಅವನ ಲೆಕ್ಕ. ನಿಜವಾದ ಲಾರಿಯ ಒಂದು ಅಡಿ ಇಲ್ಲಿ ಅರ್ಧ ಇಂಚು. ಬಾಡಿಗೆ ತೇಗದ ಚೂರು, ಕ್ಯಾಬಿನ್ನಿಗೆ ಪೌಡರ್ ಡಬ್ಬಿಯ ತಗಡು, ಟೈರಿಗೆ ಹವಾಯಿ ಚಪ್ಪಲಿ, ಚಕ್ರದ ಅಚ್ಚಿಗೆ ಮುರಿದ ಕೊಡೆಯ ಕಡ್ಡಿ. ಕ್ಯಾಬಿನ್ನಿನ ಮುಂದೆ ದೃಷ್ಟಿಗೆ ನಿಂಬೆಹಣ್ಣು ಕಟ್ಟಬೇಕಲ್ಲ, ಅದಕ್ಕೆ ಯಾರೋ ಕೊತ್ತಂಬರಿ ಬೀಜ ತಂದುಕೊಟ್ಟರು. ಮೌನೇಶಾಚಾರಿ ಅದನ್ನು ಬೆರಳ ತುದಿಯಲ್ಲಿಟ್ಟು ನೋಡಿ, ಈ ಲೆಕ್ಕದಲ್ಲಿ ಇದು ನಿಂಬೆಹಣ್ಣಲ್ಲ, ಚಕ್ಕೋತ ಎಂದು ವಾಪಸು ಕೊಟ್ಟ. ಆಮೇಲೆ ಸೇರುಗಟ್ಟಲೆ ಬಿಳಿ ಸಾಸಿವೆ ಜಾಲಾಡಿ ತಕ್ಕ ಕಾಳೊಂದನ್ನು ಆರಿಸಿದ.

ಅದೇ ಊರಿನಲ್ಲಿ ತರನ್ನುಮ್ ಎಂಬ ಹಲ್ಲಿನ ಡಾಕ್ಟರಮ್ಮ ಇದ್ದರು. ಅವರಿಗೂ ಇದೇ ಹುಚ್ಚು. ಹಲ್ಲು ಕೊರೆಯುವ ಹಳೆಯ ಯಂತ್ರದಿಂದ ಪುಟ್ಟ ಜೀಪಿನ ಚಕ್ರಕ್ಕೆ ತೂತು ಕೊರೆಯುತ್ತಿದ್ದರು. ಪುಟ್ಟ ಗಾಡಿ ಕಟ್ಟುವವರನ್ನೆಲ್ಲ ಸೇರಿಸಿ ಕಲ್ಯಾಣ ಮಂಟಪದ ಊಟದ ಹಾಲಿನಲ್ಲಿ ಒಂದು ಪ್ರದರ್ಶನ ಇಡುವುದೆಂದು ಅವರೇ ಹೊರಟರು. ಮೊದಲ ಬಹುಮಾನ ಗೆದ್ದ ಗಾಡಿ, ಕಟ್ಟಿದವರ ಹೆಸರಿನೊಂದಿಗೆ, ಊರಿನ ಲೈಬ್ರರಿಯ ಗಾಜಿನ ಪೆಟ್ಟಿಗೆಯಲ್ಲಿ ವರ್ಷವಿಡೀ ನಿಲ್ಲುತ್ತದೆ. ಒಂದೇ ಷರತ್ತು: ಗಾಡಿಯ ಜೊತೆಗೆ ಅದರ ಬಾಳಿನಲ್ಲಿ ನಡೆದ ಒಂದು ಸಂಗತಿಯನ್ನೂ ಅದೇ ಅಳತೆಯಲ್ಲಿ ಮಾಡಿ ತೋರಿಸಬೇಕು.

ಮೌನೇಶಾಚಾರಿಗೆ ಯೋಚನೆಯೇ ಬೇಕಾಗಲಿಲ್ಲ. ಸೇತುವೆಯ ಸಂಗತಿ ಇದೆಯಲ್ಲ. ತಾನು ಬಾಡಿ ಕಟ್ಟಿದ ಲಾರಿಯನ್ನು ಮಾಲೀಕನ ಊರಿಗೆ ಮುಟ್ಟಿಸಲು ತಾನೇ ಓಡಿಸಿಕೊಂಡು ಹೋದದ್ದು, ಅರ್ಧ ಸೇತುವೆ ದಾಟುವಷ್ಟರಲ್ಲಿ ಎದುರಿನ ಕಮಾನು ಕುಸಿದದ್ದು, ಲಾರಿಯನ್ನು ಅಲ್ಲೇ ಬುಗುರಿಯಂತೆ ತಿರುಗಿಸಿದ್ದು. ನಲವತ್ತು ವರ್ಷ ಹೇಳಿ ಹೇಳಿ ಅದು ಎಷ್ಟು ಗಟ್ಟಿಯಾಗಿತ್ತೆಂದರೆ, ಹೇಳುವವನಿಗೂ ಅದರ ಮೇಲೆ ಅನುಮಾನ ಉಳಿದಿರಲಿಲ್ಲ.

ಎರಡು ತಿಂಗಳು ಕೂತು ಕಟ್ಟಿದ. ಇಪ್ಪತ್ತೆರಡು ಅಡಿಯ ಲಾರಿ ಹನ್ನೊಂದು ಇಂಚಾಗಿ ಎದ್ದು ನಿಂತಿತು. ಆಮೇಲೆ ಸೇತುವೆ. ಆ ದಿನ ಸೇತುವೆಗೆ ಹತ್ತುವ ಮೊದಲು, ಹೊಸ ಬಾಡಿಯ ಬಣ್ಣ ತರಚೀತೆಂದು ಇಳಿದು ಟೇಪು ಹಿಡಿದಿದ್ದ. ತಡೆಗೋಡೆಯಿಂದ ತಡೆಗೋಡೆಗೆ ಹದಿನಾಲ್ಕು ಅಡಿ. ಕೈ ಅದನ್ನು ಮರೆತಿರಲಿಲ್ಲ. ಉಳಿ ಹಿಡಿದು ಕೂತಾಗ ಬಾಯಿ ಮುಚ್ಚಿತ್ತಾದ್ದರಿಂದ ಕಥೆಯ ನೆನಪೂ ಆಗಲಿಲ್ಲ. ಹದಿನಾಲ್ಕು ಅಡಿಗೆ ಏಳು ಇಂಚು ಎಂದು ಕೆತ್ತಿ ಜೋಡಿಸಿಬಿಟ್ಟ. ಮೂರು ಅಡಿ ಉದ್ದದ ಹಲಗೆಯ ಮೇಲೆ ಇಡೀ ಸೇತುವೆ, ಒಂದು ತುದಿಯಲ್ಲಿ ಕುಸಿದ ಕಮಾನು, ಕೆಳಗೆ ಅಂಟಿನಲ್ಲಿ ಕಲಸಿದ ಕೆಂಪು ನೀರು.

ಪ್ರದರ್ಶನದ ಹಿಂದಿನ ದಿನ ಮಧ್ಯಾಹ್ನ ಲಾರಿಯನ್ನು ಸೇತುವೆಯ ನಡುವೆ ಇಟ್ಟು, ಖುಷಿಗೆಂದು ಒಂದು ಸಲ ತಿರುಗಿಸಿ ನೋಡಿದ.

ತಿರುಗಲಿಲ್ಲ.

ಮೂತಿ ಒಂದು ಗೋಡೆಗೆ ತಾಗಿತು, ಬಾಲ ಇನ್ನೊಂದು ಗೋಡೆಗೆ. ಬಾಗಿಲಲ್ಲಿ ಸಿಕ್ಕಿಕೊಂಡ ಮಂಚದಂತೆ ಲಾರಿ ಓರೆಯಾಗಿ ನಿಂತಿತು. ಮೌನೇಶಾಚಾರಿ ಮರ ಉಬ್ಬಿದೆಯೇನೋ ಎಂದು ಅಳೆದ. ಟೇಪು ಹಳೆಯದೆಂದು ಪಕ್ಕದ ಶೆಡ್ಡಿನ ಟೇಪು ತಂದು ಅಳೆದ. ಏಳು ಇಂಚು ಏಳೇ ಇಂಚು, ಹನ್ನೊಂದು ಹನ್ನೊಂದೇ. ಆಗ ಅವನಿಗೆ ಏನೋ ನೆನಪಾಯಿತು. ಅದನ್ನು ಮರೆಯಲು ಎದ್ದು ಹೋಗಿ ಒಂದು ಚೊಂಬು ನೀರು ಕುಡಿದು ಬಂದ. ನೀರು ಇಳಿಯಿತು, ನೆನಪು ಇಳಿಯಲಿಲ್ಲ.

ಈಗ ಏನು ಮಾಡುವುದು? ಲಾರಿಯನ್ನು ಆರು ಇಂಚಿಗೆ ಕತ್ತರಿಸಿದರೆ ತಿರುಗುತ್ತದೆ. ಆದರೆ ಅದು ಲಾರಿ ಅಲ್ಲ, ತರಕಾರಿ ತರುವ ಟಂಟಂ ಆಟೋ. ಸೇತುವೆಯನ್ನೇ ಅಗಲ ಮಾಡಿದರೆ? ಇಲ್ಲದ ಸೇತುವೆಯನ್ನು ಅಳೆಯಲು ಯಾರು ಹೋಗುತ್ತಾರೆ? ಹಲಗೆ ಇತ್ತು, ಗರಗಸ ಇತ್ತು, ಹೊತ್ತೂ ಇತ್ತು. ಹದಿನಾಲ್ಕು ಇಂಚಿಗೆ ಗೆರೆ ಹಾಕಲು ಪೆನ್ಸಿಲ್ ತೆಗೆದುಕೊಂಡ. ನಂಬಿದರೆ ನಂಬಿ, ಪೆನ್ಸಿಲ್ ಏಳು ಇಂಚಿಗೆ ಹೋಗಿ ನಿಂತಿತು. ಇನ್ನೊಂದು ಸಲ ಎಳೆದ, ಮತ್ತೆ ಏಳು. ಎಡಗೈಯಿಂದ ಬಲಗೈ ಹಿಡಿದು ಎಳೆದ, ಆಗಲೂ ಏಳು. ಐವತ್ತು ವರ್ಷ ಸರಿ ಗೆರೆ ಎಳೆದ ಕೈಗೆ ತಪ್ಪು ಗೆರೆ ಎಳೆಯುವ ವಿದ್ಯೆಯೇ ಗೊತ್ತಿರಲಿಲ್ಲ. ಮೌನೇಶಾಚಾರಿ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು, ಡಾಕ್ಟರಮ್ಮನ ಹತ್ತಿರ ಹೋಗಿ, ಒಂದು ರಟ್ಟಿನ ಮೇಲೆ ಮುಟ್ಟಬೇಡಿ ಎಂದು ಬರೆಸಿಕೊಂಡು ಬಂದ.

ಮುಟ್ಟಬೇಡಿ ಎಂದು ಬರೆದದ್ದನ್ನು ಮುಟ್ಟದೆ ಹೋದ ಮನುಷ್ಯ ಇನ್ನೂ ಹುಟ್ಟಿಲ್ಲ, ಅದು ಬೇರೆ ಮಾತು.

ಮರುದಿನ ಮಂಟಪದಲ್ಲಿ ಕಾಲಿಡಲು ಜಾಗವಿರಲಿಲ್ಲ. ಡಾಕ್ಟರಮ್ಮ ಸ್ಟೀಲ್ ಸ್ಕೇಲು ಹಿಡಿದು ಒಂದೊಂದೇ ಗಾಡಿ ಅಳೆಯುತ್ತ ಬಂದರು. ಮೌನೇಶಾಚಾರಿಯ ಲಾರಿಯ ಮುಂದೆ ಬಗ್ಗಿದವರು ಬಹಳ ಹೊತ್ತು ಮೇಲೇಳಲಿಲ್ಲ. ಹಿಂಬದಿಯ ಸರಪಳಿಯ ಕೊಂಡಿ ಎಣಿಸಿದರು, ಸಾಸಿವೆಯನ್ನು ಭೂತಗನ್ನಡಿಯಲ್ಲಿ ನೋಡಿದರು, ತಲೆದೂಗಿದರು. ಜನ ಸೇರಿದ್ದೇ ತಡ ಮೌನೇಶಾಚಾರಿಯ ಬಾಯಿ ತೆರೆದುಕೊಂಡಿತು. ಆ ದಿನ ನೀರು ಸೇತುವೆಯ ಮೇಲೆ ಆಳುದ್ದ ಹರಿಯುತ್ತಿತ್ತು. ಸಿಡಿಲು ಬಡಿದು ಹಾರನ್ ತಾನಾಗಿ ಕೂಗಿಕೊಂಡಿತು. ಒಂದು ಮೊಸಳೆ ಟೈರಿಗೆ ಬಾಯಿ ಹಾಕಿ ಹಲ್ಲು ಮುರಿದುಕೊಂಡಿತು. ಹಿಂದಿನ ಸಲ ಕಥೆಯಲ್ಲಿ ಮೊಸಳೆ ಇರಲಿಲ್ಲ ಎಂದು ಯಾರೋ ಗೊಣಗಿದರು. ಆಗ ನೀನು ಕೇಳಿಸಿಕೊಂಡಿಲ್ಲ ಎಂದು ಆಚಾರಿ ಕಥೆ ಮುಂದುವರಿಸಿದ.

ಮುಂದಿನ ಸಾಲಿನಲ್ಲಿ ಪಾರವ್ವ ನಿಂತಿದ್ದಳು. ಶೆಡ್ಡಿನ ಸಾಲಿಗೆಲ್ಲ ಚಹಾ ಹಾಕುವ ಹೋಟೆಲಿನವಳು. ಇಪ್ಪತ್ತು ವರ್ಷದಿಂದ ಈ ಕಥೆಯನ್ನು ದಿನಾ ಕೇಳಿ, ಅವಳೂ ಗಿರಾಕಿಗಳಿಗೆ ಹೇಳುತ್ತ ಬಂದಿದ್ದಳು. ಕಣ್ಣಾರೆ ಕಾಣಬೇಕೆಂದು ಇವತ್ತು ಹೋಟೆಲಿಗೆ ಬೀಗ ಹಾಕಿ ಬಂದಿದ್ದಳು.

"ಎಲ್ಲಿ ಆಚಾರ್ರೇ, ತಿರುಗಿಸ್ರಿ ನೋಡಾಣ," ಎಂದಳು.

ಮೌನೇಶಾಚಾರಿ ರಟ್ಟು ತೋರಿಸಿದ. ಮುಟ್ಟಬಾರದಂತೆ, ಬರೆದೈತೆ ಎಂದ.

"ನಂಗೆ ಓದಾಕೆ ಬರಲ್ಲ. ನಿಮ್ಗೂ ಬರಲ್ಲ. ಬರೆದೋರು ಯಾರಿಗೆ ಬರೆದ್ರೋ ಏನೋ," ಎಂದು ಪಾರವ್ವ ಒಂದೇ ಬೆರಳಲ್ಲಿ ಲಾರಿಯನ್ನು ಮೆಲ್ಲಗೆ ತಿರುಗಿಸಿದಳು. ಮೂತಿ ಗೋಡೆಗೆ ತಾಗಿತು. ಅವಳು ಈ ಕಡೆ ತಿರುಗಿಸಿದಳು. ಬಾಲ ತಾಗಿತು. ಹಿಂದೆ ಮುಂದೆ ಮಾಡಿ, ಉಸಿರು ಬಿಗಿಹಿಡಿದು, ಇನ್ನೊಂದು ಸಲ. ಲಾರಿ ಓರೆಯಾಗಿ ಸಿಕ್ಕಿಕೊಂಡು ಕೂತುಬಿಟ್ಟಿತು. ಜನರಲ್ಲಿ ಮೊದಲು ಒಬ್ಬ ನಕ್ಕ, ಆಮೇಲೆ ಹತ್ತು ಜನ. ಪಾರವ್ವ ಮಾತ್ರ ನಗಲಿಲ್ಲ. ಇಪ್ಪತ್ತು ವರ್ಷ ಅವಳು ನಂಬಿದ್ದು ಅಲ್ಲಿ ಓರೆಯಾಗಿ ನಿಂತಿತ್ತು.

ಡಾಕ್ಟರಮ್ಮ ಒಳ್ಳೆಯ ಮನಸ್ಸಿನವರು. ಮುದುಕನ ಮುಖ ನೋಡಿ, ನಯವಾಗಿ ಒಂದು ದಾರಿ ಮಾಡಿಕೊಟ್ಟರು.

"ಸೇತುವೆಯ ಅಗಲ ಎಲ್ಲೋ ತಪ್ಪಿರಬೇಕು ಅಜ್ಜಾ. ನಲವತ್ತು ವರ್ಷದ ಹಿಂದಿನದು, ಯಾರಿಗೆ ನೆನಪಿರುತ್ತೆ? ನಾವು ಅಂಕ ಕೊಡೋದು ಲಾರಿಗೆ, ಸೇತುವೆಗಲ್ಲ. ತಪ್ಪಿದೆ ಅನ್ನಿ, ಆಯ್ತು."

ಎಂಥ ಸುಲಭದ ದಾರಿ ನೋಡಿ. ಹೌದು ಎಂದರೆ ಕಥೆಯೂ ಉಳಿಯುತ್ತದೆ, ಗಾಜಿನ ಪೆಟ್ಟಿಗೆಯೂ ಸಿಗುತ್ತದೆ, ನಾಳೆ ಬೆಳಿಗ್ಗೆ ಚಹಾದ ಬೆಂಚಿನ ಮೇಲೆ ಅದೇ ಗತ್ತಿನಿಂದ ಕೂರಬಹುದು. ಹೋಗುವುದು ಒಂದೇ. ಆಚಾರಿ ಅಳತೆ ತಪ್ಪಿತಂತೆ ಎಂಬ ಮಾತು ಶೆಡ್ಡಿನ ಸಾಲಿಗೆ ಹೋಗುತ್ತದೆ. ಮೌನೇಶಾಚಾರಿ ಬಾಯಿ ತೆರೆದ. ಬಾಯಿ ಹೌದು ಎನ್ನಲು ತಯಾರಾಗಿಯೇ ಇತ್ತು. ಅಷ್ಟರಲ್ಲಿ ಕೈ ತಾನಾಗಿ ಹೋಗಿ ಸೇತುವೆಯ ಗೋಡೆ ಮುಟ್ಟಿತು. ಅಡ್ಡ ಸಿಕ್ಕಿದ್ದ ಲಾರಿಯನ್ನು ಬಿಡಿಸಿ ನೆಟ್ಟಗೆ ನಿಲ್ಲಿಸಿತು.

"ಅಳತೆ ಸರಿ ಐತಮ್ಮ," ಎಂದ. "ಸುಳ್ಳು ನಂದು."

ಆಮೇಲೆ ನಡೆದದ್ದನ್ನು ಹೇಳಿದ. ಲಾರಿ ತಿರುಗಲಿಲ್ಲ, ತಿರುಗಲು ಜಾಗವೇ ಇರಲಿಲ್ಲ. ಬಂದ ದಾರಿಯಲ್ಲೇ ರಿವರ್ಸಿನಲ್ಲಿ ಬಂದದ್ದು. ಕನ್ನಡಿಯಲ್ಲಿ ನೀರು ಬಿಟ್ಟರೆ ಏನೂ ಕಾಣದು. ದುರುಗಪ್ಪ ಹಿಂದೆ ಇಳಿದು, ಮೊಣಕಾಲುದ್ದದ ಸೆಳವಿನಲ್ಲಿ ಕೋಲಿನಿಂದ ಗೋಡೆಯ ಅಂಚು ತಡಕಾಡುತ್ತ, ಇನ್ನೊಂದು ಕೈಯಿಂದ ಬಾಡಿಯನ್ನು ಬಡಿಯುತ್ತ ನಡೆದ. ಒಂದು ಬಡಿತಕ್ಕೆ ಎಡಕ್ಕೆ, ಎರಡು ಬಡಿತಕ್ಕೆ ಬಲಕ್ಕೆ. ಮೌನೇಶಾಚಾರಿ ಕಣ್ಣು ಮುಚ್ಚಿಕೊಂಡು ಸ್ಟೇರಿಂಗ್ ಹಿಡಿದಿದ್ದ, ಅಷ್ಟೇ. ಮಾರನೆ ದಿನ ಚಹಾ ಅಂಗಡಿಯಲ್ಲಿ ತಾನೇ ತಿರುಗಿಸಿದೆ ಎಂದುಬಿಟ್ಟ. ಪಕ್ಕದಲ್ಲೇ ಇದ್ದ ದುರುಗಪ್ಪ ನಕ್ಕು ಸುಮ್ಮನಾದ. ಅವನು ಸುಮ್ಮನಾದದ್ದೇ ತಪ್ಪಾಯಿತು ನೋಡಿ ಎಂದು ಹೇಳಹೊರಟವನು, ಅಲ್ಲ, ಅವನದೇನೂ ತಪ್ಪಿಲ್ಲ ಎಂದು ತಾನೇ ತಿದ್ದಿಕೊಂಡ.

ಡಾಕ್ಟರಮ್ಮ ಪುಸ್ತಕದಲ್ಲಿ ಏನೋ ಬರೆದುಕೊಂಡರು. ಏನು ಬರೆದರೆಂದು ನನ್ನನ್ನು ಕೇಳಬೇಡಿ, ಲೈಬ್ರರಿಗೆ ಹೋಗಿ ಗಾಜಿನ ಪೆಟ್ಟಿಗೆ ನೋಡಿ. ಒಳಗೆ ಲಾರಿಯ ಹಿಂದೆ ಈಗ ಮೂರು ಇಂಚಿಗೆ ಚೂರು ಕಡಿಮೆ ಎತ್ತರದ ಒಬ್ಬ ಮನುಷ್ಯ ಕೋಲು ಹಿಡಿದು ನಿಂತಿದ್ದಾನೆ.

ಅವತ್ತು ಮಂಟಪದಲ್ಲಿ ಪಾರವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. "ಇದೇ ಚಲೋ ಐತಲ್ಲ. ಇದನ್ನೇ ಹೇಳ್ಬಾರ್ದಿತ್ತಾ?" ಎಂದಳು. ಆಮೇಲೆ, ಹಂಗೆ ರಿವರ್ಸಿನಲ್ಲಿ ಎಷ್ಟು ದೂರ ಬಂದ್ರಿ ಎಂದು ಕೇಳಿದಳು.

ಮೌನೇಶಾಚಾರಿಯ ಎದೆ ಮತ್ತೆ ಸ್ವಲ್ಪ ಉಬ್ಬಿತು. "ಒಂದು ಮೈಲಿ," ಎಂದ.

ಡಾಕ್ಟರಮ್ಮ ಸ್ಟೀಲ್ ಸ್ಕೇಲನ್ನು ಸೇತುವೆಯ ಉದ್ದಕ್ಕೆ ಇಟ್ಟರು. ಮೂರು ಅಡಿ. "ಇಡೀ ಸೇತುವೆಯೇ ಎಪ್ಪತ್ತೆರಡು ಅಡಿ ಅಜ್ಜಾ. ನೀವು ಅರ್ಧಕ್ಕೆ ಬಂದಿದ್ದಿರಿ."

ಮೌನೇಶಾಚಾರಿ ಸ್ಕೇಲು ನೋಡಿದ, ಸೇತುವೆ ನೋಡಿದ, ಪಾರವ್ವನನ್ನು ನೋಡಿದ. ಭುಜ ಕುಣಿಸಿದ.

"ಹಿಂದಕ್ಕೆ ಹೋಗೋವಾಗ ದಾರಿ ಉದ್ದ ಕಾಣ್ತೈತಮ್ಮ."

ನೀತಿ: ಬಾಯಿ ಆಡಿದ ಸುಳ್ಳನ್ನು ಉಳಿಸಿಕೊಳ್ಳಲು ಕೈ ಮಾಡಿದ ಸಾಚಾ ಕೆಲಸವನ್ನು ತಪ್ಪೆನ್ನಬೇಡಿ. ಒಂದು ಕಥೆ ಹೋದರೆ ಇನ್ನೊಂದು ಕಥೆ ಹುಟ್ಟುತ್ತದೆ. ಕೈಯ ಮೇಲಿನ ನಂಬಿಕೆ ಹೋದರೆ ಮತ್ತೆ ಹುಟ್ಟುವುದಿಲ್ಲ. ಮತ್ತು ನೀವು ಸ್ಟೇರಿಂಗ್ ಹಿಡಿದು ಗೆದ್ದ ದಿನ, ಹಿಂದೆ ನೀರಿನಲ್ಲಿ ನಡೆದವನ ಹೆಸರನ್ನು ಮೊದಲು ಹೇಳಿ.