ಎದೆಯ ಬಾಯಿ ಮುಚ್ಚಿಸುವ ಹುಳ

ಒಂದಾನೊಂದು ಕಾಲದಲ್ಲಿ ನೈಲ್ ಹೊಳೆಯ ದಂಡೆಯ ಒಂದೂರಲ್ಲಿ ತಮೀತ್ ಅಂತ ಒಬ್ಬ ವಿಧವೆ ಇದ್ದಳಂತೆ. ತಾಯಿತ ಕೆತ್ತೋದು ಅವಳ ಕಸುಬು. ಆ ದೇಶದಲ್ಲಿ ಹುಟ್ಟಿದ ಕೂಸಿಗೂ ತಾಯಿತ, ಸತ್ತ ಮುದುಕರಿಗೂ ತಾಯಿತ. ಎಲ್ಲಕ್ಕಿಂತ ದೊಡ್ಡದು ಹಸಿರು ಕಲ್ಲಿನ ಸಗಣಿಹುಳ. ನಗಬೇಡಿ! ಹುಳ ಉಂಡೆ ಉರುಳಿಸೋ ಹಾಗೆ ದೇವರು ಸೂರ್ಯನನ್ನು ಉರುಳಿಸುತ್ತಾನೆ, ಮುಳುಗಿದವನು ಮತ್ತೆ ಹುಟ್ಟುತ್ತಾನೆ ಅಂತ ಅವರ ನಂಬಿಕೆ. ಸತ್ತವರ ಎದೆಗುಂಡಿಗೆಯನ್ನು ದೇವರು ತಕ್ಕಡಿಯಲ್ಲಿಟ್ಟು ತೂಗುವಾಗ ಅದು ಅವರ ತಪ್ಪುಗಳ ಚಾಡಿ ಹೇಳಬಾರದಲ್ಲ? ಅದಕ್ಕೇ ಹುಳದ ಹೊಟ್ಟೆಯಡಿ ‘ಎಲೈ ಎದೆಯೇ, ಸುಮ್ಮನಿರು’ ಅಂತ ಕೆತ್ತಿ ಹೆಣದ ಎದೆಮೇಲೆ ಇಡುತ್ತಿದ್ದರಂತೆ.

ಪ್ರತಿ ವರ್ಷ ಹೊಳೆ ಉಕ್ಕಿ ಹೊಲಗಳ ಗಡಿ ಕೊಚ್ಚಿಹೋಗೋದು. ನೀರಿಳಿದ ಮೇಲೆ ಹಗ್ಗ ಹಿಡಿದು ಅಳೆಯೋನು ರಾಜನ ಅಧಿಕಾರಿ ಸೆನ್ಬಿ. ಆ ವರ್ಷ ಅವನು ತಮೀತಳ ಗೋಧಿ ಹೊಲವನ್ನು ತನ್ನದಕ್ಕೆ ಸೇರಿಸಿ ಗಡಿಕಲ್ಲು ನೆಟ್ಟುಬಿಟ್ಟ. ಅವಳ ಇಬ್ಬರು ಹೆಣ್ಣುಮಕ್ಕಳ ಹೊಟ್ಟೆಗೆ ಇದ್ದದ್ದು ಅದೊಂದೇ ಹೊಲ. ಅತ್ತಳು, ಕೂಗಾಡಿದಳು. ಅಳೆಯೋನೇ ಕಳ್ಳನಾದರೆ ಕೇಳೋರು ಯಾರು?

ಹೀಗಿರುವಾಗ ಸೆನ್ಬಿಗೆ ಕೆಮ್ಮು ಹತ್ತಿತು, ಜೊತೆಗೆ ಸಾವಿನ ಭಯವೂ ಹತ್ತಿತು. ಊರಲ್ಲಿ ಹಸಿರು ಕಲ್ಲು ಕೆತ್ತಬಲ್ಲವಳು ತಮೀತ್ ಒಬ್ಬಳೇ. ವಿಧಿಯಿಲ್ಲದೆ ಸಂತೆಯ ಹೊತ್ತಿಗೆ ಅವಳ ಅಂಗಡಿ ಮುಂದೆ ಬಂದು ನಿಂತ.

“ಹುಳ ಕೆತ್ತಿಕೊಡೇ. ನನ್ನ ಎದೆ ತುಟಿ ಬಿಚ್ಚಬಾರದು.”

ತಮೀತ್ ಉಳಿ ಕೆಳಗಿಡಲಿಲ್ಲ. “ಯಾವ ಮಾತು ಮುಚ್ಚಬೇಕು ಒಡೆಯಾ? ಅದನ್ನೂ ಕೆತ್ತಬೇಕು. ಬಿಟ್ಟದ್ದನ್ನು ಎದೆ ಒದರಿಬಿಡುತ್ತೆ.”

ಅವನು ಬಗ್ಗಿ ಪಿಸುಗುಟ್ಟಿದ.

“ಕಲ್ಲು ಕುಟ್ಟಿ ಕುಟ್ಟಿ ಕಿವಿ ಮಂದವಾಗಿದೆ. ಸ್ವಲ್ಪ ಗಟ್ಟಿಯಾಗಿ ಹೇಳಿ.”

ಮತ್ತೆ ಹೇಳಿದ.

“ಇನ್ನೂ ಗಟ್ಟಿಯಾಗಿ!”

ಮೂರನೇ ಸಲಕ್ಕೆ ಸೆನ್ಬಿಗೆ ರೇಗಿಹೋಯಿತು. “ನಿನ್ನ ಹೊಲದ ಗಡಿಕಲ್ಲು ಕಿತ್ತು ನೆಟ್ಟವನು ನಾನೇ ಕಣೇ!” ಅಂತ ಕಿರುಚಿದ. ನೀರು ಹೊರೋರು, ಮೀನು ಮಾರೋರು, ಎಲ್ಲರೂ ತಿರುಗಿ ನೋಡಿದರು.

“ಈಗ ಕೇಳಿಸಿತು ಒಡೆಯಾ, ಊರಿಗೇ ಕೇಳಿಸಿತು,” ಅಂದಳು ತಮೀತ್. “ಇಷ್ಟು ಜನರ ಬಾಯಿ ಮುಚ್ಚಿಸೋಷ್ಟು ಹಸಿರು ಕಲ್ಲು ನನ್ನ ಹತ್ತಿರ ಇಲ್ಲ. ಗಡಿಕಲ್ಲು ಹೊತ್ತುಕೊಂಡು ಹೋಗಿ ಇದ್ದಲ್ಲೇ ಇಟ್ಟುಬನ್ನಿ. ಆಮೇಲೆ ಹುಳ ಕೊಡ್ತೀನಿ.”

ಕೆಮ್ಮುತ್ತ ಕೆಮ್ಮುತ್ತ, ಊರೆಲ್ಲ ನೋಡುತ್ತಿರುವಾಗ, ಸೆನ್ಬಿ ತಾನೇ ಕಲ್ಲು ಹೊತ್ತನಂತೆ. ತಮೀತ್ ಮಾತಿನಂತೆ ಹುಳವನ್ನು ಬಟ್ಟೆಯಲ್ಲಿ ಸುತ್ತಿ ಕೊಟ್ಟಳು; ಅವನು ಬಿಚ್ಚಿಯೂ ನೋಡದೆ ಪೆಟ್ಟಿಗೆಯಲ್ಲಿಟ್ಟ.

ಏಳು ವರ್ಷ ಕಳೆದು ಸೆನ್ಬಿ ಸತ್ತ. ಹೆಣಕ್ಕೆ ಬಟ್ಟೆ ಸುತ್ತುವವರು ಹುಳವನ್ನು ಮಗುಚಿ ನೋಡಿದರೆ ಹೊಟ್ಟೆಯಡಿ ಒಂದು ಅಕ್ಷರವೂ ಇಲ್ಲ! ತಮೀತಳ ಮನೆಗೆ ಓಡಿಬಂದರು. “ಎದೆಯ ಬಾಯಿ ಮುಚ್ಚಿಸೋದನ್ನೇ ಮರೆತೆಯಲ್ಲಮ್ಮಾ!”

“ಮರೆತಿಲ್ಲ,” ಅಂದಳಂತೆ ತಮೀತ್. “ಅವನ ಎದೆ ಮಾತಾಡಲಿ ಬಿಡಿ. ಕಲ್ಲು ವಾಪಸ್ ಹೊತ್ತದ್ದನ್ನೂ ಅದೇ ಹೇಳಬೇಕಲ್ಲ.”

ಅವಳ ಗೋಧಿ ಅಲ್ಲಿ ತೆನೆ ಬಿಟ್ಟಿತು, ನಮ್ಮ ಕಥೆ ಇಲ್ಲಿ ಕಣ ಸೇರಿತು.