ಕಾಣದೂರು ಗುಡ್ಡ

ಹಂಪಿ ನೋಡಿ ಬಾದಾಮಿಗೆ ಹೊರಟವರು ಈಗೀಗ ತಮ್ಮ ಪ್ರವಾಸದ ಪಟ್ಟಿಯಲ್ಲಿ ಅರ್ಧ ದಿನವನ್ನು ಕಾಣದೂರು ಗುಡ್ಡಕ್ಕೆಂದು ತೆಗೆದಿಟ್ಟಿರುತ್ತಾರೆ. ನೂರಿಪ್ಪತ್ತು ಮೆಟ್ಟಿಲು, ತುದಿಯಲ್ಲಿ ಕಬ್ಬಿಣದ ಕಟಕಟೆ, ಎರಡು ಕಬ್ಬಿನಹಾಲಿನ ಗಾಡಿ, ಪಡುವಣಕ್ಕೆ ಕೆರೆ. ಹೊತ್ತು ಮುಳುಗುವಾಗ ನೀರೆಲ್ಲ ತಾಮ್ರದ ಬಣ್ಣಕ್ಕೆ ತಿರುಗುವುದನ್ನು ಕಂಡು, ಫೋಟೋ ತೆಗೆದುಕೊಂಡು ಇಳಿಯುತ್ತಾರೆ. ಮಂಜು ಕವಿದಾಗ ಕೆಳಗಿನ ಊರು ಕಾಣದ್ದರಿಂದ ಈ ಹೆಸರು ಬಂತೆಂದು ಅಲ್ಲಿಯ ಫಲಕ ಹೇಳುತ್ತದೆ. ಆ ಬಯಲುಸೀಮೆಯಲ್ಲಿ ವರ್ಷಕ್ಕೆ ನಾಲ್ಕು ದಿನವೂ ಮಂಜಿಲ್ಲ. ಸುತ್ತಲ ಹಿರಿಯರು ಹೇಳುವುದೇ ಬೇರೆ.

ಹಿಂದೆ ಒಮ್ಮೆ, ಈ ಸೀಮೆ ಕರಡಿಹಳ್ಳದ ನಾಯಕರ ಕೈಯಲ್ಲಿದ್ದಾಗ, ಗುಡ್ಡಕ್ಕೂ ಕೆರೆಗೂ ನಡುವೆ ಆವಿಗೆಹಳ್ಳಿ ಎಂಬ ಕುಂಬಾರರ ಊರಿತ್ತು. ಇಪ್ಪತ್ತು ಮನೆ, ಮಡಕೆ ಸುಡುವ ಐದು ಆವಿಗೆ. ಅಲ್ಲಿಯ ಗಾದಿಲಿಂಗ ಹೆತ್ತವರನ್ನು ಕಳೆದುಕೊಂಡು ಅಕ್ಕ ಹುಲಿಗೆವ್ವನ ಕೈಯಲ್ಲಿ ಬೆಳೆದವನು. ಅಕ್ಕ ತಟ್ಟಿ ಸುಟ್ಟ ಗಡಿಗೆಗಳನ್ನು ಹೊತ್ತು ಮಾರುತ್ತ ಅವನು ಸೀಮೆಯ ಮೂಲೆಮೂಲೆಯನ್ನೂ ತುಳಿದಿದ್ದ. ಯಾವ ತೋಪಿನಲ್ಲಿ ನಡುಹಗಲಿಗೂ ನೆರಳಿದೆ, ಯಾವ ಒರತೆ ಬೇಸಗೆಯಲ್ಲಿ ಬತ್ತುವುದಿಲ್ಲ, ಯಾವ ಗವಿಯ ಗೋಡೆಯ ಮೇಲೆ ಕೆಂಪು ಜಿಂಕೆಗಳ ಚಿತ್ರವಿದೆ, ತೊಗಲುಗೊಂಬೆ ಆಡಿಸುವವರು ಯಾವ ಊರಿನವರು, ಎಲ್ಲವೂ ಅವನಿಗೆ ಬಾಯಿಪಾಠ. ಈ ಸುದ್ದಿ ನಾಯಕನ ಕಿವಿಗೆ ಬಿತ್ತು. ಘಟ್ಟದ ಅರಸನೊಬ್ಬ ಬೀಗನಾಗುವುದರಲ್ಲಿದ್ದ. ಅವನಿಗೆ ಎಂಟು ದಿನ ತನ್ನ ಸೀಮೆಯ ಚೆಲುವನ್ನೆಲ್ಲ ತೋರಿಸಬೇಕೆಂದು ನಾಯಕನ ಆಸೆ. ಎಲ್ಲಿ ಬಿಡಾರ, ಎಲ್ಲಿ ಊಟ, ಯಾವ ಸಂಜೆ ಯಾವ ನೋಟ ಎಂದು ಗೊತ್ತುಮಾಡುವ ಕೆಲಸ ಗಾದಿಲಿಂಗನ ಪಾಲಿಗೆ ಬಂತು, ಜೊತೆಗೊಂದು ಜರಿಯಂಚಿನ ಶಾಲು.

ನಾಲ್ಕನೆಯ ಸಂಜೆಗೆ ಅವನು ಇಟ್ಟದ್ದು ಈ ಗುಡ್ಡವನ್ನು. ಶ್ರಾವಣದಲ್ಲಿ ನಾಯಕ ದಾರಿ ಪರೀಕ್ಷಿಸಲು ಬಂದು ಮೇಲೆ ನಿಂತಾಗ ಆವಿಗೆಗಳ ಹೊಗೆ ಕೆರೆಗೆ ಅಡ್ಡವಾಗಿ ಮಲಗಿತ್ತು. ಯಾರ ಊರು ಇದು ಎಂದು ನಾಯಕ ಕೇಳಿದ. ನನ್ನದು ಎನ್ನಲು ಗಾದಿಲಿಂಗನ ನಾಲಗೆ ಏಳಲಿಲ್ಲ. ಕುಂಬಾರರದು, ಬುದ್ಧಿ, ಎಂದ. ಅರಸರು ಬಂದಾಗ ಇದು ಕಾಣಬಾರದು ಎಂದಷ್ಟೇ ಹೇಳಿ ನಾಯಕ ಇಳಿದುಹೋದ. ಅರ್ಧ ಹರಿದಾರಿ ಆಚೆಗಿನ ಗುಡ್ಡದಿಂದಲೂ ಕೆರೆ ಇಷ್ಟೇ ಚೆನ್ನಾಗಿ ಕಾಣುತ್ತದೆಂಬುದು ಗಾದಿಲಿಂಗನಿಗೆ ತಿಳಿಯದ್ದಲ್ಲ. ಆದರೆ ಅತ್ತ ಹೋದರೆ ಎಂಟು ದಿನದ ಜೋಡಣೆಯೆಲ್ಲ ಕೆಡುತ್ತಿತ್ತು, ನಾಯಕ ಸಭೆಯಲ್ಲಿ ಹೊಗಳಿದ್ದು ಅದೇ ಜೋಡಣೆಯನ್ನು. ಅವನು ನೇರ ಅಕ್ಕನ ಮನೆಗೆ ಹೋದ.

"ದೀಪಾವಳಿ ತನಕ ಅಷ್ಟ ಅಕ್ಕ. ಅರಸರು ಬಂದು ಹೋಗ್ಲಿ, ಆಮ್ಯಾಕ ಎಲ್ಲಾರೂ ತಿರುಗಿ ಬಂದುಬಿಡ್ರಿ."

ಹುಲಿಗೆವ್ವ ಮಣ್ಣಿನ ಕೈ ತೊಳೆಯಲಿಲ್ಲ. "ಹಸಿ ಗಡಿಗಿ ಹೊತ್ಕೊಂಡು ಎಲ್ಲಿಗೆ ಹೋಗಾನ? ಆಚಿ ಗುಡ್ಡದಿಂದಾನೂ ಕೆರಿ ಕಾಣ್ತೈತಿ. ನಿನ್ನ ದಾರಿನ ಅತ್ತಾಗ ತಿರುಗಿಸು."

"ದಾರಿ ಗೊತ್ತಾಗಿ ಹೋಗೈತಿ. ಇನ್ನ ಬದ್ಲಾಗಾಕಿಲ್ಲ."

"ದಾರಿ ಮಾಡಿದಾವ ನೀನಲ್ಲೇನು?"

ಅವನು ಹೊರಬಿದ್ದು ಉಳಿದ ಮನೆಗಳಿಗೂ ನಾಯಕನ ಮಾತನ್ನು ಮುಟ್ಟಿಸಿದ. ಇಪ್ಪತ್ತು ಮನೆಯವರೂ ಒಣಗದ ಮಡಕೆಗಳನ್ನು ಅಲ್ಲೇ ಬಿಟ್ಟು ಹೊರಟರು. ಮಾರನೆಯ ದಿನ ನಾಯಕನ ಆಳುಗಳು ಗೋಡೆ ಕೆಡವಿ, ಆವಿಗೆ ಮುಚ್ಚಿ, ನೆಲ ಉತ್ತು ಹುಚ್ಚೆಳ್ಳು ಬಿತ್ತಿದರು. ಗಾದಿಲಿಂಗ ಗುಡ್ಡದ ಮೇಲೆ ನಿಂತು, ಇನ್ನೂ ಏನು ಕಾಣುತ್ತಿದೆಯೆಂದು ಕೈ ತೋರಿಸಿ ಹೇಳುತ್ತಿದ್ದನೆನ್ನುತ್ತಾರೆ.

ನವರಾತ್ರಿ ಕಳೆದ ಮೇಲೆ ಅರಸ ಬಂದ. ಬಯಲು ಹಳದಿ ಹೂವಾಗಿತ್ತು, ಕೆರೆ ತುಂಬಿತ್ತು. ಏದುಸಿರು ಬಿಡುತ್ತ ಗುಡ್ಡ ಹತ್ತಿದ ಅರಸ ಮೊದಲು ಕೇಳಿದ್ದು ನೀರು. ಕುಡಿದವನು ಗಡಿಗೆಯನ್ನೇ ಕೈಗೆ ತೆಗೆದುಕೊಂಡು, ಬೆರಳಗೆಣ್ಣಿನಿಂದ ತಟ್ಟಿ ಆ ನಾದ ಕೇಳಿದ. "ಇಷ್ಟು ತೆಳುವಾದ ಗಡಿಗೆ ನಮ್ಮ ಕಡೆ ಇಲ್ಲ. ಇದನ್ನು ಮಾಡುವವರ ಊರು ಹತ್ತಿರವಿದ್ದರೆ ಒಮ್ಮೆ ನೋಡಬೇಕಲ್ಲ" ಎಂದ. ನಾಯಕ ಗಾದಿಲಿಂಗನ ಕಡೆ ತಿರುಗಿದ. ಗಾದಿಲಿಂಗ ತಲೆ ತಗ್ಗಿಸಿ, "ಅದು ಇಲ್ಲಿಂದ ಕಾಣದ ಊರು ಬುದ್ಧಿ" ಎಂದ. ಅರಸ ಸರಿಯೆಂದು ತಲೆಯಾಡಿಸಿ, ಕೆರೆಯತ್ತ ಒಮ್ಮೆ ಕಣ್ಣು ಹಾಯಿಸಿ, ಊಟಕ್ಕೆ ಎಷ್ಟು ಹೊತ್ತೆಂದು ವಿಚಾರಿಸಿದ. ಗಾದಿಲಿಂಗನ ಮಾತು ಕೇಳಿಸಿಕೊಂಡ, ಅರಸನ ಜೊತೆ ಬಂದಿದ್ದ ಪಲ್ಲಕ್ಕಿಯವರು ಅಂದಿನಿಂದ ಗುಡ್ಡವನ್ನು ಹಾಗೆಯೇ ಕರೆಯತೊಡಗಿದರು.

ದೀಪಾವಳಿ ಬಂದರೂ ನಾಯಕ ಹೂವಿನ ಹೊಲ ಹಾಗೇ ಇರಲಿ, ಮುಂದೆಯೂ ಅತಿಥಿಗಳು ಬರುತ್ತಾರೆ ಎಂದ. ಕುಂಬಾರರು ದಿಕ್ಕಿಗೊಬ್ಬರಾದರು. ಗಾದಿಲಿಂಗ ಶಾಲು ಬಿಟ್ಟು, ಹಿಂದೆ ಗಡಿಗೆ ಮಾರಿದ ದಾರಿಗಳಲ್ಲೇ ಅಕ್ಕನನ್ನು ಹುಡುಕುತ್ತ ಎರಡು ವರ್ಷ ಅಲೆದ. ಕೊನೆಗೆ ಹೊಳೆಯಾಚೆಯ ಒಂದು ಸಂತೆಯಲ್ಲಿ ಅವಳು ಗಡಿಗೆ ಹರಡಿಕೊಂಡು ಕೂತಿದ್ದಳು.

"ನೀರಿಗೇನಣ್ಣ, ಹಾಲಿಗೇನು?" ಎಂದಳು.

"ಅಕ್ಕ, ನಾನು."

"ನೀರಿಂದು ಇಲ್ಲೈತಿ. ಸೀಳಿಲ್ಲ, ನೋಡಿ ತಗಾ." ಒಂದು ಗಡಿಗೆ ಅವನ ಮುಂದಿಟ್ಟು ಅವಳು ಪಕ್ಕದ ಗಿರಾಕಿಯ ಕಡೆ ತಿರುಗಿದಳು. ಅವಳ ಕಣ್ಣುಗಳು ಚೆನ್ನಾಗಿಯೇ ಇದ್ದವು ಎನ್ನುತ್ತಾರೆ. ಸಂತೆ ಚದುರುವವರೆಗೂ ಅವನು ಅಲ್ಲೇ ನಿಂತಿದ್ದ. ಅವಳು ಉಳಿದ ಗಡಿಗೆಗಳನ್ನು ಕತ್ತೆಗೆ ಹೇರಿಕೊಂಡು ಹೊರಟುಹೋದಳು. ಅವನು ಹಿಂದೆ ಹೋಗಲಿಲ್ಲ.

ಗುಡ್ಡದ ಕೆಳಗೆ ಈಗ ಜೋಳ ಬೆಳೆಯುತ್ತಾರೆ. ಅದರಲ್ಲಿ ಐದು ಕಡೆ, ಆವಿಗೆಯಷ್ಟಗಲ ದುಂಡಗೆ, ಪೈರು ಗಿಡ್ಡವಾಗಿಯೇ ನಿಲ್ಲುತ್ತದೆ, ಎಷ್ಟು ಗೊಬ್ಬರ ಹಾಕಿದರೂ ಏಳುವುದಿಲ್ಲ. ಮಳೆ ಬಿದ್ದ ಮರುದಿನ ಸಾಲುಗಳಲ್ಲಿ ಒಡೆದ ಗಡಿಗೆಗಳ ತೆಳ್ಳನೆಯ ಕೆಂಪು ಬೋಕಿ ಚೂರುಗಳು ಮೇಲೇಳುತ್ತವೆ. ಬೇಗ ಬಂದ ಪ್ರವಾಸಿಗರು ಹೊತ್ತು ಇಳಿಯುವ ತನಕ ಬೇಸರ ಕಳೆಯಲು ಅವನ್ನು ಆಯ್ದುಕೊಂಡು, ಯಾರದು ನೀರಿನ ಮೇಲೆ ಹೆಚ್ಚು ಸಲ ಹಾರುತ್ತದೆ ನೋಡೋಣವೆಂದು ಕೆರೆಗೆ ಎಸೆಯುತ್ತಿರುತ್ತಾರೆ.