ಕಳಚಬಹುದಾದ ಪರದೆ

“ಗುರುಗಳೇ, ಎರಡು ದಾರಿ ಎದುರಿಗಿದ್ದಾಗ ಒಂದನ್ನು ಆರಿಸಲೇಬೇಕೇ? ಎರಡನ್ನೂ ತೆರೆದಿಟ್ಟುಕೊಂಡು ಇರಬಾರದೇ?”

ಕೇಳಿದವನು ಶಂಭುಲಿಂಗ. ಹಗಲು ಪ್ರೌಢಶಾಲೆಯಲ್ಲಿ ಮೇಷ್ಟ್ರು, ಶಾಲೆ ಬಿಟ್ಟ ಮೇಲೆ ಮಠದಲ್ಲಿ ಶಿಷ್ಯ. ಕಾವಿ ಉಟ್ಟು ಇಲ್ಲೇ ಉಳಿದುಬಿಡಬೇಕೆಂಬ ಆಸೆ ಅವನಿಗೆ ಒಂದು ಕಡೆ. ಇನ್ನೊಂದು ಕಡೆ ಜಯಶೀಲೆ. ಕಳೆದ ವರ್ಷವೇ ಎರಡೂ ಮನೆಯವರು ತಾಂಬೂಲ ಬದಲಾಯಿಸಿಕೊಂಡಿದ್ದರು. ಮದುವೆಯ ಮಾತು ಬಂದಾಗ ಶಂಭುಲಿಂಗ ಒಮ್ಮೆ ಪರೀಕ್ಷೆಯ ನೆಪ ಹೇಳಿದ, ಇನ್ನೊಮ್ಮೆ ಅಧ್ಯಯನದ ನೆಪ ಹೇಳಿದ. ಬೇಡ ಎಂದು ಮಾತ್ರ ಎಲ್ಲೂ ಹೇಳಲಿಲ್ಲ. ಹೂಂ ಎಂದೂ ಹೇಳಲಿಲ್ಲ.

ಜಯಶೀಲೆ ನರ್ಸಿಂಗ್ ಓದಿದವಳು. ಈಗ ದೂರದ ಊರಿನ ಆಸ್ಪತ್ರೆಯೊಂದರಿಂದ ಅವಳಿಗೆ ಕೆಲಸಕ್ಕೆ ಕರೆ ಬಂದಿತ್ತು. ಹೋಗಲೋ ಬೇಡವೋ ಎಂದು ಅಣ್ಣನ ಮೂಲಕ ಕೇಳಿಸಿದ್ದಳು. ಸ್ವಲ್ಪ ತಾಳಲಿ ಎಂದು ಶಂಭುಲಿಂಗ ಹೇಳಿಕಳುಹಿಸಿದ್ದ. ಆಸ್ಪತ್ರೆಯವರೋ ಸೋಮವಾರದೊಳಗೆ ಉತ್ತರ ಬೇಕೆಂದಿದ್ದರು. ಜಗತ್ತು ಯಾಕೆ ಎಲ್ಲದಕ್ಕೂ ಹೀಗೊಂದು ಸೋಮವಾರ ಇಡುತ್ತದೆ ಎಂದು ಅವನಿಗೆ ಬೇಸರವಾಗಿತ್ತು. ಆ ಬೇಸರದಲ್ಲೇ ಈ ಪ್ರಶ್ನೆ ಹುಟ್ಟಿತ್ತು.

ಗುರುಗಳು ಪತ್ರಿಕೆ ಮಡಿಸಿಟ್ಟರು. ಅವರಿಗೆ ಹೊಸ ಯಂತ್ರಗಳೆಂದರೆ ಬಲು ಕುತೂಹಲ. ಪತ್ರಿಕೆ ಬಂದರೆ ಮೊದಲು ಓದುತ್ತಿದ್ದುದು ಜಾಹೀರಾತು, ಸಮಾಚಾರ ಆಮೇಲೆ. ಇದಕ್ಕಾಗಿ ಮಠದ ಭಕ್ತರು ಒಳಗೊಳಗೇ ನಗುತ್ತಿದ್ದರು. ಗುರುಗಳೂ ನಗುತ್ತಿದ್ದರು.

“ನಿನ್ನ ಪ್ರಶ್ನೆ ಹಳೆಯದು. ಆದರೆ ಅದಕ್ಕೊಂದು ಹೊಸ ಕತೆ ಇದೆ. ಕೂತುಕೋ,” ಎಂದರು.

ಒಂದು ನಗರದಲ್ಲಿ ಒಬ್ಬ ಯಜಮಾನನಿದ್ದ. ಅವನದೊಂದು ಸಣ್ಣ ಕಾರ್ಖಾನೆ. ಜನ ಲ್ಯಾಪ್‌ಟಾಪನ್ನೂ ಕೊಳ್ಳುತ್ತಾರೆ, ಟ್ಯಾಬನ್ನೂ ಕೊಳ್ಳುತ್ತಾರೆ, ಎರಡನ್ನೂ ಹೊತ್ತು ತಿರುಗುತ್ತಾರೆ ಎಂಬುದನ್ನು ಅವನು ನೋಡಿದ. ಎರಡೂ ಒಂದೇ ಆಗಿದ್ದರೆ ಹೇಗೆ ಎಂಬ ಯೋಚನೆ ಅವನ ತಲೆಗೆ ಹೊಕ್ಕಿತು. ಹೊಕ್ಕಿದ್ದು ಹೊರಗೆ ಬರಲಿಲ್ಲ. ಕೆಲವು ವರ್ಷ ಅದರಲ್ಲೇ ಮುಳುಗಿದ. ಕೊನೆಗೆ ಒಂದು ಯಂತ್ರ ಸಿದ್ಧವಾಯಿತು. ಕೀಬೋರ್ಡಿಗೆ ಸಿಕ್ಕಿಸಿದರೆ ಅದು ಲ್ಯಾಪ್‌ಟಾಪ್. ಕೊಂಡಿ ಒತ್ತಿ ಪರದೆಯನ್ನು ಎತ್ತಿಕೊಂಡರೆ ಟ್ಯಾಬ್.

ಬಿಡುಗಡೆಗೆ ಅವನು ಒಂದು ಕಲ್ಯಾಣಮಂಟಪ ಹಿಡಿದ. ಯಂತ್ರವನ್ನು ಮಣೆಯ ಮೇಲಿಟ್ಟು ಕುಂಕುಮ ಹಚ್ಚಿಸಿ, ಹೂ ಏರಿಸಿ, ಮಂಗಳಾರತಿ ಮಾಡಿಸಿದ. ಆಮೇಲೆ ಎಲ್ಲರ ಎದುರು ಕೊಂಡಿ ಒತ್ತಿದ. ಟಕ್ ಎಂದು ಪರದೆ ಕೈಗೆ ಬಂತು.

“ಇನ್ನೊಂದ್ಸಲ ಮಾಡಿ ಸ್ವಾಮಿ,” ಎಂದರು ಯಾರೋ.

ಅವನು ಇನ್ನೊಮ್ಮೆ ಮಾಡಿದ. ಆಗ ಎಲ್ಲರಿಗೂ ತಾವೇ ಕೊಂಡಿ ಒತ್ತಿ ನೋಡುವ ಆಸೆಯಾಯಿತು. ಮುದುಕರು ಬಂದರು, ಪಕ್ಕದ ಮಂಟಪದಿಂದ ಮದುಮಕ್ಕಳು ಬಂದರು, ಮಂಟಪದ ಅಡುಗೆಯವರು ಸೌಟು ಬಿಟ್ಟು ಬಂದರು. ಊಟದ ಎಲೆಗಳ ಮುಂದೆ ಯಾರೂ ಇರಲಿಲ್ಲ. ಟಕ್ ಅನ್ನಿಸುವ ಸಾಲು ಬಾಗಿಲಾಚೆಗೆ ಹೋಗಿತ್ತು. ಯಜಮಾನನಿಗೆ ಕಣ್ಣು ತುಂಬಿ ಬಂತು. ಜನರಿಗೆ ಬೇಕಾದದ್ದು ಇದೇ, ಈ ಕೊಂಡಿಯೇ, ಎಂದುಕೊಂಡ.

ಬಲ್ಲವರು ಮೂಗು ಮುರಿದರು. ಲ್ಯಾಪ್‌ಟಾಪ್ ಬಲ್ಲವರು ಇದನ್ನು ಅರೆಬೆಂದ ಲ್ಯಾಪ್‌ಟಾಪ್ ಎಂದರು. ಟ್ಯಾಬ್ ಬಲ್ಲವರು ಹೊಟ್ಟೆ ಬಂದ ಟ್ಯಾಬ್ ಎಂದರು. ಕೊಳ್ಳುವವರು ಈ ಪಂಡಿತರ ಮಾತಿಗೆ ಕಿವಿಗೊಡಲಿಲ್ಲ. ಅಂಗಡಿಗೆ ಬಂದರು, ಕೊಂಡಿ ಒತ್ತಿದರು, ಹಣ ಕೊಟ್ಟು ಒಯ್ದರು.

ದೂರು ಬಂದದ್ದು ಒಂದೇ ವಿಷಯಕ್ಕೆ. ಯಂತ್ರ ಭಾರ.

ಭಾರವಾಗಲು ಕಾರಣವಿತ್ತು. ಪರದೆ ಒಂಟಿಯಾಗಿ ಕೆಲಸ ಮಾಡಬೇಕಾದರೆ ಅದರ ಬೆನ್ನಿನಲ್ಲೇ ಬ್ಯಾಟರಿ ಇರಬೇಕು. ಬೆನ್ನು ಭಾರವಾದ ಪರದೆ ಹಿಂದಕ್ಕೆ ಮಗುಚದಿರಬೇಕಾದರೆ ಕೆಳಗಿನ ಕೀಬೋರ್ಡಿಗೂ ತೂಕ ತುಂಬಬೇಕು. ಇವೆರಡನ್ನೂ ಹಿಡಿದು ನಿಲ್ಲಿಸುವ ಕೊಂಡಿ ಗಟ್ಟಿ ಉಕ್ಕಿನದೇ ಆಗಬೇಕು. ಕಳಚಿಕೊಳ್ಳುವ ಆ ಒಂದು ಸೌಕರ್ಯಕ್ಕೆ ಇಡೀ ಯಂತ್ರ ದಪ್ಪಗಾಗಿತ್ತು.

ಯಜಮಾನ ದುರಸ್ತಿ ಕೋಣೆಗೆ ಹೋಗಿ ಕೂತ. ಯಾವುದು ಮುರಿದು ಬರುತ್ತದೆ ಎಂದು ನೋಡಿದರೆ ಯಾವುದನ್ನು ಬಳಸುತ್ತಾರೆ ಎಂದು ತಿಳಿಯುತ್ತದೆ; ಯಂತ್ರ ಮಾಡುವವರಿಗೆ ಇದು ಗೊತ್ತು. ಗಾಜು ಒಡೆದದ್ದು ಬಂತು. ಕೀಬೋರ್ಡಿನ ಮೇಲೆ ಕಾಫಿ ಚೆಲ್ಲಿದ್ದು ಬಂತು. ಇರುವೆ ಗೂಡು ಕಟ್ಟಿದ್ದೂ ಒಂದು ಬಂತು. ಕೊಂಡಿ ಸವೆದದ್ದು ಒಂದೂ ಬರಲಿಲ್ಲ. ಎಲ್ಲ ಕೊಂಡಿಗಳೂ ಅವತ್ತೇ ಕಾರ್ಖಾನೆಯಿಂದ ಹೊರಟಂತೆ ಹೊಳೆಯುತ್ತಿದ್ದವು.

“ಅಂದರೆ ಯಾರೂ ಕಳಚಲೇ ಇಲ್ಲವೇ?” ಎಂದು ಶಂಭುಲಿಂಗ ಕೇಳಿದ. ತನ್ನ ಸೋಮವಾರವನ್ನು ಅವನು ಆಗಲೇ ಮರೆತಿದ್ದ.

“ಯಜಮಾನನಿಗೂ ಅದೇ ಅನುಮಾನ ಬಂತು. ಬಂದದ್ದೇ ಚಪ್ಪಲಿ ಮೆಟ್ಟಿ ಹೊರಟ,” ಎಂದರು ಗುರುಗಳು.

ಮೊದಲು ಹೋದದ್ದು ಒಬ್ಬ ವಕೀಲನ ಮನೆಗೆ. ವಕೀಲ ಯಂತ್ರವನ್ನು ಮೇಜಿನ ಮೇಲಿಟ್ಟು ಅರ್ಜಿ ಟೈಪು ಮಾಡುತ್ತಿದ್ದ. ಕಾರ್ಖಾನೆಯಲ್ಲಿ ಅಂಟಿಸಿದ ಪ್ಲಾಸ್ಟಿಕ್ ಹಾಳೆಯನ್ನು ಇನ್ನೂ ಕಿತ್ತಿರಲಿಲ್ಲ. ಕೋರ್ಟಿಗೆ ಹೋಗುವಾಗ ಎಲ್ಲವನ್ನೂ ಒಟ್ಟಿಗೇ ಚೀಲಕ್ಕೆ ತುಂಬಿಕೊಳ್ಳುತ್ತಿದ್ದ.

“ಪರದೇನ ಯಾವತ್ತಾದ್ರೂ ಕಳಚಿದ್ದೀರಾ?” ಎಂದು ಯಜಮಾನ ಕೇಳಿದ.

“ತಂದ ದಿವಸ ಮನೆಯವರಿಗೆಲ್ಲ ತೋರಿಸೋಕೆ ಕಳಚಿದ್ದೆ,” ಎಂದ ವಕೀಲ. “ಆಮೇಲೆ ಯಾಕೆ ಸುಮ್ನೆ ಅಂತ ಮುಟ್ಟಿಲ್ಲ. ಅದಿರಲಿ, ಈ ಭಾರಕ್ಕೇನಾದ್ರೂ ಮಾಡಿ. ಹೆಗಲು ಬಿದ್ದು ಹೋಗುತ್ತೆ.”

ಆಮೇಲೆ ರವಿಕೆ ಹೊಲಿಯುವ ಒಬ್ಬ ಹೆಂಗಸಿನ ಹತ್ತಿರ ಹೋದ. ಆಕೆ ಮನೆಮನೆಗೆ ಹೋಗಿ ಪರದೆಯಲ್ಲಿ ರವಿಕೆಯ ಮಾದರಿಗಳನ್ನು ತೋರಿಸಿ ಅಳತೆ ತೆಗೆದುಕೊಂಡು ಬರುತ್ತಿದ್ದಳು. ಆಕೆಗೆ ಬೇಕಾದದ್ದು ಪರದೆ ಮಾತ್ರ. ಯಂತ್ರ ಮನೆಗೆ ಬಂದ ದಿನವೇ ಕೀಬೋರ್ಡನ್ನು ಕಳಚಿ, ಹಳೆ ಸೀರೆಯ ತುಂಡಿನಲ್ಲಿ ಸುತ್ತಿಬಿಟ್ಟಿದ್ದಳು. ಸುತ್ತಿದ್ದನ್ನು ಮನೆಯಲ್ಲಿಟ್ಟಿದ್ದಳೇ ಎಂದರೆ, ಅದೂ ಇಲ್ಲ. ಹೋದಲ್ಲೆಲ್ಲ ಅದೇ ಚೀಲದಲ್ಲಿ ಹೊತ್ತು ಒಯ್ಯುತ್ತಿದ್ದಳು.

“ಇದನ್ನ ಯಾವಾಗ ಸಿಕ್ಕಿಸ್ತೀರಮ್ಮಾ?”

“ಸಿಕ್ಕಿಸಿಲ್ಲ ಇನ್ನೂ.”

“ಮತ್ತೆ ಯಾಕೆ ಹೊರ್ತೀರಿ?”

“ಎಲ್ಲಿ ಯಾವಾಗ ಬೇಕಾಗುತ್ತೋ ಯಾರಿಗೆ ಗೊತ್ತು ಸ್ವಾಮಿ,” ಎಂದು ಆಕೆ ಚೀಲವನ್ನು ಈ ಹೆಗಲಿಂದ ಆ ಹೆಗಲಿಗೆ ಹಾಕಿಕೊಂಡಳು.

ಇನ್ನೂ ಹಲವರ ಮನೆಗೆ ಹೋದ. ಸಿಕ್ಕಿಸಿದವರು ಕಳಚಿರಲಿಲ್ಲ. ಕಳಚಿದವರು ಸಿಕ್ಕಿಸಿರಲಿಲ್ಲ. ಅಷ್ಟು ವರ್ಷ ನಿದ್ದೆಗೆಟ್ಟು ಮಾಡಿದ ಕೊಂಡಿ ಯಾರಿಗೂ ಬೇಕಾಗಿರಲಿಲ್ಲ. ಯಜಮಾನನಿಗೆ ದುಃಖವಾಯಿತು. ದುಃಖಕ್ಕಿಂತ ಹೆಚ್ಚಾಗಿ ಅವನಿಗೆ ಇದು ಏನು ಚೋದ್ಯ ಎನ್ನಿಸಿತು. ಆ ಚೋದ್ಯವನ್ನು ಕೈಬಿಡಲು ಮನಸ್ಸು ಬರಲಿಲ್ಲ.

ಅವನು ಕಾರ್ಖಾನೆಗೆ ಬಂದು ಕೊಂಡಿಯನ್ನು ತೆಗೆದುಹಾಕಿದ. ಸಿಕ್ಕಿಸಿಕೊಂಡೇ ಇರುವವರಿಗೆ ಒಂದು ಯಂತ್ರ ಮಾಡಿದ. ಅದರಲ್ಲಿ ಪರದೆಯೂ ಕೀಬೋರ್ಡೂ ಬೆಸೆದುಕೊಂಡಿದ್ದವು. ಬರೀ ಪರದೆ ಬೇಕಾದವರಿಗೆ ಬರೀ ಪರದೆಯನ್ನೇ ಮಾಡಿದ. ಎರಡೂ ತೆಳ್ಳಗಾದವು, ಹಗುರವಾದವು. ಬೆಲೆಯೂ ಇಳಿಯಿತು. ಇನ್ನು ದೂರಿಗೆ ಜಾಗವೇ ಇಲ್ಲ ಎಂದುಕೊಂಡು ಅವನು ಮೊದಲು ವಕೀಲನನ್ನೇ ಅಂಗಡಿಗೆ ಕರೆಸಿದ.

ವಕೀಲ ಹೊಸ ಯಂತ್ರವನ್ನು ಒಂದೇ ಕೈಯಲ್ಲಿ ಎತ್ತಿದ. ಮುಖ ಅರಳಿತು. “ಹತ್ತಿ ಇದ್ದ ಹಾಗಿದೆಯಲ್ರೀ,” ಎಂದ. ಹಣದ ಚೀಲಕ್ಕೆ ಕೈ ಹಾಕಿದವನು ಅಷ್ಟರಲ್ಲಿ ಹೆಬ್ಬೆರಳಿನಿಂದ ಪರದೆಯ ಬುಡವನ್ನು ತಡವಿದ. ಅತ್ತ ತಡವಿದ, ಇತ್ತ ತಡವಿದ.

“ಕೊಂಡಿ ಎಲ್ಲಿ?”

“ತೆಗೆದಿದ್ದೀನಿ. ಇದು ಕಳಚಲ್ಲ. ನೀವು ಕಳಚೋದೂ ಇಲ್ಲವಲ್ಲ.”

“ಕಳಚಲ್ಲ, ನಿಜ,” ಎಂದ ವಕೀಲ. ಪರದೆಯ ಬುಡವನ್ನು ಇನ್ನೊಮ್ಮೆ ತಡವಿದ. “ಆದ್ರೆ ಬೇಕು ಅಂದ್ರೆ ಕಳಚಬಹುದು ಅಂತ ಇತ್ತು.”

ಯಂತ್ರವನ್ನು ಮೆಲ್ಲಗೆ ಕೆಳಗಿಟ್ಟು ಹೊರಟುಹೋದ. ರವಿಕೆಯ ಹೆಂಗಸೂ ಬಂದಳು, ಬರೀ ಪರದೆಯನ್ನು ಹಿಡಿದು ನೋಡಿದಳು, ಇದರ ಜೋಡಿ ಎಲ್ಲಿ ಎಂದು ಕೇಳಿದಳು. ಜೋಡಿ ಇಲ್ಲ ಎಂದದ್ದಕ್ಕೆ ಆಕೆಯೂ ಒಲ್ಲೆ ಎಂದಳು. ಹಗುರವಾದ ಯಂತ್ರಗಳು ಅಂಗಡಿಯಲ್ಲೇ ದೂಳು ತಿಂದವು. ಹಳೆಯದು ಇದ್ದರೆ ಕೊಡಿ ಎಂದು ಜನ ಕೇಳತೊಡಗಿದರು.

ಯಜಮಾನನಿಗೆ ಮೊದಲು ಸಿಟ್ಟು ಬಂತು. ಭಾರ ಎಂದು ಗೋಳಾಡಿದವರು ಇವರೇ, ಭಾರ ಇಳಿಸಿದರೆ ಮುಖ ತಿರುಗಿಸಿದವರೂ ಇವರೇ. ಎರಡು ದಿನ ಅಂಗಡಿಯ ಕಡೆ ತಲೆ ಹಾಕಲಿಲ್ಲ. ಮೂರನೆಯ ದಿನ ಆ ಹೆಂಗಸು ಬೀದಿಯಲ್ಲಿ ಹೋಗುತ್ತಿರುವುದನ್ನು ಕಂಡ. ಚೀಲದ ಪಟ್ಟಿ ದಾರದಂತೆ ಕಿರಿದಾಗಿ ಹೆಗಲನ್ನು ಕೊರೆಯುತ್ತಿತ್ತು. ಆಕೆ ಪಟ್ಟಿಯ ಕೆಳಗೆ ಕರವಸ್ತ್ರ ಮಡಿಸಿಟ್ಟುಕೊಂಡು ನಡೆಯುತ್ತಿದ್ದಳು. ಜನ ಭಾರ ಎಂದಿದ್ದರೇ ಹೊರತು ಬೇಡ ಎಂದಿರಲಿಲ್ಲ. ಇಷ್ಟು ಸಣ್ಣ ವಿಷಯ ತನಗೆ ಹೊಳೆಯಲಿಲ್ಲವಲ್ಲ ಎಂದು ಅವನಿಗೆ ನಗು ಬಂತು.

ಅವನು ಕೊಂಡಿಯನ್ನು ಮತ್ತೆ ಹಾಕಿದ. ಯಂತ್ರವನ್ನು ಮೊದಲಿನಂತೆಯೇ ಮಾಡಿದ, ಒಂದು ಗುಲಗಂಜಿಯಷ್ಟೂ ಭಾರ ಇಳಿಸಲಿಲ್ಲ. ಅದರ ಜೊತೆಗೆ ಅಗಲವಾದ ಪಟ್ಟಿಯ, ಒಳಗೆ ಹತ್ತಿ ತುಂಬಿದ ಒಂದು ಚೀಲ ಹೊಲಿಸಿ ಕೊಟ್ಟ. ದೂರು ನಿಂತಿತು. ವಕೀಲ ಬಂದ, ಹೆಂಗಸು ಬಂದಳು, ಅವರು ಹೇಳಿ ಕಳಿಸಿದವರೆಲ್ಲ ಬಂದರು. ಕಾರ್ಖಾನೆ ಉಳಿಯಿತು. ಕೊಂಡಿಯನ್ನು ಆಮೇಲೂ ಯಾರೂ ಒತ್ತಲಿಲ್ಲ.

ಗುರುಗಳು ಕತೆ ನಿಲ್ಲಿಸಿ ನೀರು ಕುಡಿದರು.

ಶಂಭುಲಿಂಗನಿಗೆ ಬಹಳ ದಿನದ ಮೇಲೆ ಮನಸ್ಸು ಹಗುರವಾಯಿತು. ಗುರುಗಳು ಬೈಯುತ್ತಾರೆ, ಇವತ್ತೇ ಒಂದನ್ನು ಹಿಡಿ ಎನ್ನುತ್ತಾರೆ ಎಂದು ಹೆದರಿಕೊಂಡೇ ಅವನು ಬಂದಿದ್ದ. ಹಾಗೇನೂ ಆಗಲಿಲ್ಲ. ತನ್ನಂಥವರು ಊರು ತುಂಬ ಇದ್ದಾರೆ ಎಂದು ತಿಳಿದು ಸಮಾಧಾನವೂ ಆಯಿತು.

“ಹಾಗಾದರೆ ಇದು ಮನುಷ್ಯಸ್ವಭಾವವೇ ಅಂದಂತಾಯಿತು, ಗುರುಗಳೇ. ಆ ದಾರಿ ನಡೆಯದಿದ್ದರೂ ಅದು ತೆರೆದಿದೆ ಎಂದಿದ್ದರೆ ಸಾಕು, ಬದುಕುವುದಕ್ಕೆ ಧೈರ್ಯ ಬರುತ್ತದೆ. ಹಾಗೆ ಇಟ್ಟುಕೊಳ್ಳುವುದು ತಪ್ಪಲ್ಲ.”

“ತಪ್ಪೇನಿಲ್ಲ,” ಎಂದರು ಗುರುಗಳು. “ವಕೀಲನನ್ನೂ ಆ ತಾಯಿಯನ್ನೂ ನಾನು ತಪ್ಪು ಎನ್ನಲಾರೆ.”

ಅವನು ಅಡ್ಡಬಿದ್ದು ಎದ್ದ. ಎದ್ದವನಿಗೆ ಸೋಮವಾರ ನೆನಪಾಯಿತು, ಆದರೆ ಈಗ ಅದರ ಹೆದರಿಕೆ ಇರಲಿಲ್ಲ. ಏನು ಮಾಡಬೇಕೆಂದು ಆಗಲೇ ಹೊಳೆದಿತ್ತು.

“ಆಸ್ಪತ್ರೆಯವರ ಹತ್ತಿರ ಇನ್ನೊಂದಿಷ್ಟು ದಿನ ಬೇಡಿಕೊಳ್ಳಲಿ ಎಂದು ಜಯಶೀಲೆಗೆ ಹೇಳಿಕಳುಹಿಸುತ್ತೇನೆ. ಕೊಡದಿದ್ದರೆ ಬೇರೆ ಕೆಲಸ ನೋಡಿದರಾಯಿತು. ಅವಳು ತಾಳ್ಮೆಯವಳು, ಏನೂ ಅಂದುಕೊಳ್ಳುವುದಿಲ್ಲ,” ಎಂದ.

ಗುರುಗಳು ಪತ್ರಿಕೆಯನ್ನು ಮತ್ತೆ ಕೈಗೆತ್ತಿಕೊಂಡಿದ್ದರು. ಅದನ್ನು ಬಿಡಿಸದೆ ಅವನನ್ನೇ ನೋಡಿದರು.

“ಅವರು ಆ ಭಾರವನ್ನು ತಮ್ಮ ಹೆಗಲ ಮೇಲೆಯೇ ಹೊತ್ತರು ಶಂಭುಲಿಂಗ, ನಿನ್ನದನ್ನು ಯಾರು ಹೊತ್ತಿದ್ದಾರೆ?”